ಅಕ್ಷರ ಕಲಿಯುವ ಬಾಯಿಗೆ ಬಟ್ಟೆ ಕಟ್ಟಬೇಡಿ

ಸಾಂಕ್ರಾಮಿಕ ರೋಗದ ಕಾಲದಲ್ಲಿ ಶಾಲೆಯ ಮಕ್ಕಳಿಗೆ ಮುಖಗವಸನ್ನು ಕಡ್ಡಾಯಗೊಳಿಸಬೇಕೇ ಎಂಬ ಪ್ರಶ್ನೆಯನ್ನು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಎತ್ತುವುದು ಕೆಲವರಿಗೆ ಅಪ್ರಸ್ತುತವೆಂದು ತೋರಬಹುದು. ಅದು ವೈದ್ಯರು ತೀರ್ಮಾನಿಸುವ ವಿಷಯ, ಸಾಹಿತ್ಯಕ್ಕೂ ಭಾಷೆಗೂ ಅದರಿಂದ ಆಗಬೇಕಾದುದೇನು ಎಂದು ಕೇಳುವವರಿದ್ದಾರೆ. ಕೋವಿಡ್ ಮುಗಿದ ಕತೆ, ಹಳೆಯ ಗಾಯವನ್ನು ಕೆದಕುವುದೇಕೆ ಎನ್ನುವವರೂ ಇದ್ದಾರೆ. ಈ ಎರಡು ಮಾತುಗಳನ್ನೂ ನಾನು ಒಪ್ಪಲಾರೆ. ಕತೆ ಮುಗಿದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕೋಝಿಕ್ಕೋಡಿನಲ್ಲಿ, 2024ರ ಜುಲೈಯಲ್ಲಿ ಮಲಪ್ಪುರದಲ್ಲಿ ನಿಪಾ ಕಾಣಿಸಿಕೊಂಡಾಗ ಮುಖಗವಸಿನ ಆಜ್ಞೆ ಮತ್ತೆ ಹೊರಟಿತು. ನಾಳೆ ಇನ್ನೊಂದು ರೋಗ ಬಂದರೆ ಆಜ್ಞೆ ಬರೆಯುವವರು ಹಳೆಯ ಕಡತವನ್ನೇ ತೆರೆದು, ತಾರೀಕು ಮಾತ್ರ ಬದಲಾಯಿಸಿ ಸಹಿ ಹಾಕುತ್ತಾರೆ. ಕಡತದಲ್ಲಿ ಏನಿರಬೇಕೆಂದು ಹೇಳಬೇಕಾದ ಕಾಲ ರೋಗವಿಲ್ಲದ ಈ ಕಾಲವೇ. ಭಾಷೆಗೂ ಇದಕ್ಕೂ ಏನು ಸಂಬಂಧ ಎಂಬ ಪ್ರಶ್ನೆಗೆ ಉತ್ತರವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದರಿಂದ ನಾಲ್ಕನೆಯ ತರಗತಿಯ ತನಕದ ಮಕ್ಕಳಿಗೆ, ಅಂದರೆ ಕಿರಿಯ ಪ್ರಾಥಮಿಕ ವಿಭಾಗದ ಮಕ್ಕಳಿಗೆ, ಕೋವಿಡ್‌ನಂತಹ ರೋಗಕ್ಕಾಗಿ ತರಗತಿಯೊಳಗೆ ಮುಖಗವಸನ್ನು ಕಡ್ಡಾಯ ಮಾಡಬಾರದು. ಹಾಕಿಕೊಳ್ಳುವ ಮಗುವಿಗೆ ಅಡ್ಡಿಯಿಲ್ಲ. ಹಾಕದ ಮಗುವನ್ನು ಗೇಟಿನಲ್ಲಿ ನಿಲ್ಲಿಸಬಾರದು. ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳ ವಿಷಯದಲ್ಲಿ ಈ ಕಡ್ಡಾಯದಿಂದಾಗುವ ನಷ್ಟ ಇತರರಿಗಿಂತ ದೊಡ್ಡದು, ಆ ನಷ್ಟವನ್ನು ಲೆಕ್ಕಕ್ಕೆ ಹಿಡಿದವರು ಯಾರೂ ಇಲ್ಲ.

ಮುಖಗವಸಿನ ಮೇಲೆ ನನಗೆ ಹಗೆಯಿಲ್ಲ. ಅದರ ಇತಿಹಾಸ ಗೌರವಕ್ಕೆ ಅರ್ಹವಾದುದೇ. 1910-11ರಲ್ಲಿ ಮಂಚೂರಿಯಾದಲ್ಲಿ ಶ್ವಾಸಕೋಶದ ಪ್ಲೇಗು ಹರಡಿದಾಗ, ಪೆನಾಂಗಿನಲ್ಲಿ ಹುಟ್ಟಿದ ವೂ ಲಿಯೆನ್-ತೆ ಎಂಬ ತರುಣ ವೈದ್ಯ ಹತ್ತಿಯನ್ನು ಬಟ್ಟೆಯ ನಡುವೆ ಇಟ್ಟು ಮುಖಕ್ಕೆ ಕಟ್ಟಿಕೊಳ್ಳುವಂತೆ ಸಾರಿದರು. ರೋಗ ಗಾಳಿಯಲ್ಲಿ ಬರುವುದಿಲ್ಲವೆಂದು ಅದನ್ನು ತಿರಸ್ಕರಿಸಿ ರೋಗಿಗಳ ಬಳಿಗೆ ಹೋದ ಫ್ರೆಂಚ್ ವೈದ್ಯ ಮೆನೀ ಕೆಲವೇ ದಿನಗಳಲ್ಲಿ ಅದೇ ರೋಗದಿಂದ ತೀರಿಕೊಂಡರು. ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಮೂರು ಲಕ್ಷಕ್ಕೂ ಮಿಕ್ಕಿದ ವಯಸ್ಕರ ನಡುವೆ ನಡೆದ ಪ್ರಯೋಗವನ್ನೂ ನಾನು ಅಲ್ಲಗಳೆಯುವುದಿಲ್ಲ. ಅಲ್ಲಿ ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ, ಅದರಲ್ಲಿಯೂ ಮುಖ್ಯವಾಗಿ 60 ವರ್ಷ ದಾಟಿದವರಲ್ಲಿ, ರೋಗ ಕಡಿಮೆಯಾಯಿತು. ಬಟ್ಟೆಯ ಮಾಸ್ಕಿನಿಂದ ಅಷ್ಟು ಸ್ಪಷ್ಟವಾದ ಪ್ರಯೋಜನ ಕಾಣಲಿಲ್ಲ. ಆದರೆ ಗಮನಿಸಿ, ಅದು ವಯಸ್ಕರ ಮೇಲಿನ ಪ್ರಯೋಗ. ನಮ್ಮ ಮಕ್ಕಳ ಮುಖದ ಮೇಲಿದ್ದುದು ಹೆಚ್ಚಾಗಿ ಅಮ್ಮ ಹಳೆಯ ಬಟ್ಟೆಯಲ್ಲಿ ಹೊಲಿದ ಮಾಸ್ಕು. ಆಸ್ಪತ್ರೆಯ ವೈದ್ಯನಿಗೂ ಬಸ್ಸಿನ ಕಂಡಕ್ಟರನಿಗೂ ಒಪ್ಪಿದ ನಿಯಮ ಐದು ವರ್ಷದ ಮಗುವಿಗೆ ತಾನಾಗಿ ಒಪ್ಪುತ್ತದೆಂದು ಹೇಳುವುದು ವಿಜ್ಞಾನವಲ್ಲ.

ಹಾಗಾದರೆ ಮಕ್ಕಳ ಬಗ್ಗೆ ವಿಜ್ಞಾನ ಹೇಳಿದ್ದೇನು? 2020ರ ಆಗಸ್ಟಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ಕೂಡಿ ಕೊಟ್ಟ ಸಲಹೆಯ ಪ್ರಕಾರ, ಐದು ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಮುಖಗವಸನ್ನು ಕಡ್ಡಾಯ ಮಾಡಕೂಡದು. ಆರರಿಂದ ಹನ್ನೊಂದರ ವಯಸ್ಸಿನವರಿಗೆ ಆ ಊರಿನ ರೋಗದ ಸ್ಥಿತಿ, ಮಗುವಿನ ಸಾಮರ್ಥ್ಯ, ಕಲಿಕೆಯ ಮೇಲೆ ಆಗುವ ಪರಿಣಾಮ ಎಲ್ಲವನ್ನೂ ತೂಗಿ ನೋಡಿ ನಿರ್ಧರಿಸಬೇಕು. ಹನ್ನೆರಡರಿಂದ ಮೇಲಿನವರಿಗೆ ವಯಸ್ಕರ ನಿಯಮ. 2021ರ ಜೂನಿನಲ್ಲಿ ಭಾರತದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವೂ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿತು: ಐದರ ತನಕ ಬೇಡ, ಆರರಿಂದ ಹನ್ನೊಂದರ ತನಕ ಹೆತ್ತವರ ಮೇಲ್ವಿಚಾರಣೆಯಲ್ಲಿ ಹಾಕಬಹುದು. 'ಹಾಕಬಹುದು' ಎಂಬುದಕ್ಕೂ 'ಹಾಕಲೇಬೇಕು' ಎಂಬುದಕ್ಕೂ ಇರುವ ಅಂತರ ಕನ್ನಡ ಬಲ್ಲವರಿಗೆಲ್ಲ ತಿಳಿದದ್ದೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಮಾತ್ರ ಎರಡು ವರ್ಷದ ಮಗುವಿಗೂ ಬೇಕೆಂದಿತು. ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ತರಗತಿಯಲ್ಲಿ ಇದನ್ನು ಎಂದೂ ಕಡ್ಡಾಯ ಮಾಡಲಿಲ್ಲ. ದೊಡ್ಡ ದೊಡ್ಡ ಸಂಸ್ಥೆಗಳೇ ಇಷ್ಟು ದೂರ ದೂರ ನಿಂತಿದ್ದ ವಿಷಯದಲ್ಲಿ, ನಮ್ಮಲ್ಲಿ ಮಾತ್ರ ಚರ್ಚೆಗೆ ಎಡೆಯೇ ಇಲ್ಲದಂತೆ ಒಂದೇ ಆಜ್ಞೆ ಇಳಿದು ಬಂತು.

2021ರ ನವೆಂಬರ್ 1ರಂದು ಕೇರಳದಲ್ಲಿ ಶಾಲೆಗಳು ಮತ್ತೆ ತೆರೆದವು. ಆ ದಿನ ನಮಗೆ ಎಂತಹ ದಿನವೆಂಬುದನ್ನು ಕಾಸರಗೋಡಿನ ಓದುಗರಿಗೆ ವಿವರಿಸಬೇಕಾಗಿಲ್ಲ. ಒಂದು ಕಡೆ ಕೇರಳಪ್ಪಿರವಿ, ಇನ್ನೊಂದು ಕಡೆ ರಾಜ್ಯೋತ್ಸವ, ನಡುವೆ 1956ರ ನೆನಪು ಹೊತ್ತ ನಾವು. ಒಂದರಿಂದ ಏಳನೆಯ ತನಕದ ಮಕ್ಕಳನ್ನು ಮೊದಲ ದಿನವೇ ಕರೆದದ್ದು ಒಳ್ಳೆಯ ನಿರ್ಧಾರವೆಂದು ಸರಕಾರವನ್ನು ಹೊಗಳಲೇಬೇಕು. ಅನೇಕ ರಾಜ್ಯಗಳು ಸಣ್ಣ ಮಕ್ಕಳನ್ನು ಕೊನೆಗೆ ಕರೆದವು. ತೋರಣ ಕಟ್ಟಿ ಪ್ರವೇಶೋತ್ಸವ ನಡೆಯಿತು. ಮಕ್ಕಳನ್ನು ಗುಂಪುಗಳಾಗಿ ಹಂಚಿ, ಮಧ್ಯಾಹ್ನದ ತನಕ ಮಾತ್ರ ಪಾಠ. ಎಲ್ಲರ ಮುಖಕ್ಕೂ ಮಾಸ್ಕು. ಆಗ ಕೇರಳದಲ್ಲಿ ಒಂದನೆಯ ತರಗತಿಗೆ ಸೇರುವ ವಯಸ್ಸು ಐದು. ಎಂದರೆ ಆ ದಿನ ಒಂದನೆಯ ತರಗತಿಯ ಬೆಂಚಿನಲ್ಲಿ ಕುಳಿತವರಲ್ಲಿ ಎಷ್ಟೋ ಮಕ್ಕಳು ಇನ್ನೂ ಆರು ತುಂಬದವರು, ವಿಶ್ವ ಆರೋಗ್ಯ ಸಂಸ್ಥೆಯೂ ದೆಹಲಿಯ ಆರೋಗ್ಯ ಇಲಾಖೆಯೂ 'ಬೇಡ' ಎಂದು ಬರೆದುಕೊಟ್ಟ ವಯಸ್ಸಿನವರು. ಆ ಮಕ್ಕಳ ಮುಖಕ್ಕೆ ಮಾಸ್ಕು ಕಟ್ಟಿದ್ದು ಯಾವ ಶಾಸ್ತ್ರದ ಪ್ರಕಾರ?

ಇದಕ್ಕಿಂತಲೂ ಹೆಚ್ಚಿನ ಸಂಕಟ ಎರಡನೆಯ ತರಗತಿಯ ಬೆಂಚಿನಲ್ಲಿತ್ತು. 2020ರ ಜೂನಿನಲ್ಲಿ ಒಂದನೆಗೆ ಹೆಸರು ಬರೆಸಿದ ಮಗು ತರಗತಿಯ ಒಳಗೆ ಮೊದಲ ಬಾರಿ ಕಾಲಿಟ್ಟದ್ದು ಈ ನವೆಂಬರಿನಲ್ಲಿ, ಎರಡನೆಯ ತರಗತಿಯ ವಿದ್ಯಾರ್ಥಿಯಾಗಿ. ನಡುವೆ ಇದ್ದುದು ಟಿ.ವಿ. ಮತ್ತು ಮೊಬೈಲ್ ತೆರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಆರಂಭದಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಪರೀಕ್ಷಿಸಿದಾಗ, ನೂರಕ್ಕೆ 92 ಮಕ್ಕಳು ಹಿಂದೆ ಬರುತ್ತಿದ್ದ ಒಂದಾದರೂ ಭಾಷಾ ಸಾಮರ್ಥ್ಯವನ್ನು ಮರೆತಿದ್ದರು. ಲೆಕ್ಕದಲ್ಲಿ ಈ ಸಂಖ್ಯೆ 82. ಭಾಷೆಯ ನಷ್ಟ ಲೆಕ್ಕದ ನಷ್ಟಕ್ಕಿಂತ ದೊಡ್ಡದು ಎಂಬುದನ್ನು ಗಮನಿಸಬೇಕು. ಕೇರಳ ಆ ಅಧ್ಯಯನದಲ್ಲಿರಲಿಲ್ಲ, ನಿಜ. ಆದರೆ ಮನೆಮಾತೇ ಶಾಲೆಯ ಮಾತಾಗಿದ್ದ ಎಷ್ಟೋ ಮಕ್ಕಳ ಗತಿ ಹೀಗಾದರೆ ನಮ್ಮ ಮಕ್ಕಳದ್ದೇನು?

ಇಲ್ಲಿ ನಮ್ಮ ನೆಲದ ವಿಶೇಷವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಂಗಳೂರಿನಲ್ಲಿಯೋ ತಿರುವನಂತಪುರದಲ್ಲಿಯೋ ಕುಳಿತವರಿಗೆ ಇದು ಕಾಣದು. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗೆ ಬರುವ ಮಗುವಿನ ಮನೆಮಾತು ಹಲವು ಸಲ ಕನ್ನಡವಲ್ಲ. ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ, ಇವುಗಳಲ್ಲಿ ಯಾವುದೂ ಇರಬಹುದು. ಬೀದಿಯಲ್ಲಿ, ಅಂಗಡಿಯಲ್ಲಿ, ಬಸ್ಸಿನ ಫಲಕದಲ್ಲಿ ಕನ್ನಡ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಆ ಮಗುವಿಗೆ ಗ್ರಾಂಥಿಕ ಕನ್ನಡ ಸಿಗುವುದು ಒಂದೇ ಒಂದು ಕಡೆಯಿಂದ: ಅಧ್ಯಾಪಕಿಯ ಬಾಯಿಯಿಂದ. ಈ ಮಾತನ್ನು ನಾನು ಅಲಂಕಾರಕ್ಕಾಗಿ ಹೇಳುತ್ತಿಲ್ಲ, ಅಕ್ಷರಶಃ ಬಾಯಿಯಿಂದಲೇ. ಅವರ ತುಟಿ ಹೇಗೆ ಕೂಡಿತು, ನಾಲಗೆ ಎಲ್ಲಿ ತಾಗಿತು, ಉಸಿರು ಎಷ್ಟು ಹೊರಬಂತು ಎಂಬುದನ್ನು ನೋಡಿ ಮಗು ಕಲಿಯುತ್ತದೆ. ಮಗುವಿನ ತುಟಿ ನೋಡಿ ಅವರು ತಿದ್ದುತ್ತಾರೆ.

ನಮ್ಮ ವರ್ಣಮಾಲೆಯನ್ನು ಕಟ್ಟಿದ ಹಿರಿಯರು ಅಕ್ಷರಗಳನ್ನು ಜೋಡಿಸಿದ್ದೇ ಬಾಯಿಯ ಒಳಗಿನ ಜಾಗದ ಕ್ರಮದಲ್ಲಿ. ಕ ವರ್ಗ ಗಂಟಲಿನ ಬುಡದಲ್ಲಿ, ಚ ವರ್ಗ ತಾಲುವಿನಲ್ಲಿ, ಟ ವರ್ಗ ಮೂರ್ಧದಲ್ಲಿ, ತ ವರ್ಗ ಹಲ್ಲಿನಲ್ಲಿ, ಕೊನೆಗೆ ಪ ವರ್ಗ ತುಟಿಯಲ್ಲಿ. ಒಳಗಿನಿಂದ ಹೊರಗೆ ಬರುವ ಈ ದಾರಿಯನ್ನು ಮಗುವಿಗೆ ತೋರಿಸುವುದೇ ಅಕ್ಷರಾಭ್ಯಾಸ. ಪ, ಫ, ಬ, ಭ, ಮ ಐದೂ ಓಷ್ಠ್ಯ; ತುಟಿ ಮುಚ್ಚಿದ ಮಾಸ್ಕು ಈ ಐದನ್ನೂ ಕಣ್ಣಿನಿಂದ ಕಸಿದುಕೊಳ್ಳುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಇನ್ನೂ ಕಷ್ಟ. ತುಳು ಮಾತನಾಡುವ ಹೆಚ್ಚಿನ ಮನೆಗಳಲ್ಲಿ ಮಹಾಪ್ರಾಣದ ಬಳಕೆಯೇ ಇಲ್ಲ. 'ಬಾರ'ಕ್ಕೂ 'ಭಾರ'ಕ್ಕೂ, 'ಕರ'ಕ್ಕೂ 'ಖರ'ಕ್ಕೂ ಇರುವ ವ್ಯತ್ಯಾಸ ಆ ಮಗುವಿಗೆ ಕಿವಿಯಲ್ಲಿ ಮೊದಲು ಕೇಳಿಸುವುದೇ ಇಲ್ಲ. ಮೂವತ್ತು ವರ್ಷ ಕೆಳಗಿನ ತರಗತಿಗಳಿಗೆ ಪಾಠ ಹೇಳಿದ ಅನುಭವದಿಂದ ಹೇಳುತ್ತೇನೆ: ಇದನ್ನು ಕಲಿಸಲು ಇರುವ ದಾರಿ ಒಂದೇ. ಮಗುವಿನ ಅಂಗೈಯನ್ನು ಬಾಯಿಯ ಎದುರು ಹಿಡಿಸಿ 'ಭ' ಎನ್ನಿಸಬೇಕು. ಉಸಿರು ಅಂಗೈಗೆ ಬಡಿದಾಗ ಮಗು ನಗುತ್ತದೆ. ಅಕ್ಷರ ಬಂತೆಂದು ತಿಳಿಯಬೇಕು. ಬಟ್ಟೆಯ ಹಿಂದಿನಿಂದ ಯಾವ ಉಸಿರು ಅಂಗೈಗೆ ಬಡಿಯುತ್ತದೆ?

ಇದು ಹಳೆಯ ಮಾಸ್ತರರ ಹಳಹಳಿಕೆಯೆಂದು ತಳ್ಳಿಹಾಕುವವರಿಗಾಗಿ ಇನ್ನೆರಡು ಸಂಗತಿಗಳು. ಹ್ಯಾರಿ ಮೆಕ್‌ಗರ್ಕ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಎಂಬ ಮನಶ್ಶಾಸ್ತ್ರಜ್ಞರು 1976ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಕಿವಿಗೆ 'ಬ' ಎಂಬ ಧ್ವನಿಯನ್ನು ಕೇಳಿಸುತ್ತ ಕಣ್ಣಿಗೆ 'ಗ' ಎನ್ನುವ ತುಟಿಗಳನ್ನು ತೋರಿಸಿದರೆ, ಜನರಿಗೆ ಕೇಳಿಸಿದ್ದು 'ದ'. ಎಂದರೆ ನಾವು ಮಾತನ್ನು ಕಿವಿಯಿಂದ ಮಾತ್ರ ಕೇಳುವುದಿಲ್ಲ, ಕಣ್ಣಿನಿಂದಲೂ ಕೇಳುತ್ತೇವೆ. ಎರಡನೆಯದು, ಮಾಸ್ಕು ಧ್ವನಿಯನ್ನು ಎಷ್ಟು ಕುಗ್ಗಿಸುತ್ತದೆ ಎಂಬ ಅಳತೆ. ಎತ್ತರದ ಕಂಪನಗಳಲ್ಲಿ, 2,000ದಿಂದ 7,000 ಹರ್ಟ್ಸ್ ವ್ಯಾಪ್ತಿಯಲ್ಲಿ, ಸರ್ಜಿಕಲ್ ಮಾಸ್ಕು ಮೂರು ನಾಲ್ಕು ಡೆಸಿಬೆಲ್, ಎನ್-95 ಸುಮಾರು 12 ಡೆಸಿಬೆಲ್ ಧ್ವನಿಯನ್ನು ನುಂಗುತ್ತದೆ. ಶ, ಷ, ಸ ಎಂಬ ಊಷ್ಮಾಕ್ಷರಗಳ ಗುರುತು ಇರುವುದು ಬಹುತೇಕ ಇದೇ ವ್ಯಾಪ್ತಿಯಲ್ಲಿ. ಹೆಂಚಿನ ಮಾಡಿನ ಮೇಲೆ ತುಲಾಮಳೆ ಸುರಿಯುವ ಮಧ್ಯಾಹ್ನ, ಮಾಸ್ಕಿನ ಹಿಂದಿನಿಂದ ಬಂದ 'ಶಾಲೆ'ಯೂ 'ಸಾಲೆ'ಯೂ ಆ ಮಗುವಿಗೆ ಒಂದೇ. ದೊಡ್ಡವರಾದ ನಮಗೆ ಕೇಳಿಸದೇ ಹೋದುದನ್ನು ನೆನಪು ತುಂಬಿಕೊಡುತ್ತದೆ. ಶಬ್ದವನ್ನು ಹಿಂದೆ ಕೇಳಿಯೇ ಇರದ ಮಗುವಿಗೆ ಅದನ್ನು ತುಂಬಿಕೊಡುವವರು ಯಾರು?

ಹುಟ್ಟಿನಿಂದ ಕನ್ನಡ ಕೇಳಿ ಬೆಳೆದ ಮೈಸೂರಿನ ಮಗು ಮಾಸ್ಕಿನ ಹಿಂದಿನಿಂದ ಬಂದ ಅರ್ಧ ಮಾತನ್ನು ಪೂರ್ಣ ಮಾಡಿಕೊಂಡೀತು. ಪೈವಳಿಕೆಯ ಮಗುವಿಗೆ, ಅದರಂತೆಯೇ ತಾಳವಾಡಿಯ, ಅಕ್ಕಲಕೋಟೆಯ, ಮಡಕಶಿರದ ಎಷ್ಟೋ ಮಕ್ಕಳಿಗೆ, ಆ ಸೌಕರ್ಯವಿಲ್ಲ. ಕನ್ನಡವೇ ತಿಳಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮ ಶಾಲೆಗೆ ನೇಮಿಸಿದಾಗ ನಾವು ಬೀದಿಗಿಳಿದೆವು. ಮಕ್ಕಳೇ ತರಗತಿ ಬಹಿಷ್ಕರಿಸಿ ಹೊರಗೆ ಬಂದರು. ಅಧ್ಯಾಪಕರ ಬಾಯಲ್ಲಿ ಕನ್ನಡವಿಲ್ಲದಿದ್ದರೆ ಮಗುವಿಗೆ ಕನ್ನಡವಿಲ್ಲ ಎಂಬುದು ಅಂದಿನ ನಮ್ಮ ವಾದ. ಕನ್ನಡ ಬಲ್ಲ ಅಧ್ಯಾಪಕಿಯ ಬಾಯಿಯನ್ನೂ ಅವರು ಕಲಿಸಬೇಕಾದ ಮಗುವಿನ ಬಾಯಿಯನ್ನೂ ಮುಚ್ಚಿದಾಗ ನಮ್ಮ ಸಂಘಗಳು ಒಂದು ಮನವಿಯನ್ನೂ ಬರೆಯಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350 ಎ ವಿಧಿಯನ್ನು ನಾವು ಪ್ರತಿ ಸಮ್ಮೇಳನದಲ್ಲೂ ಉದ್ಧರಿಸುತ್ತೇವೆ. ಸೌಲಭ್ಯವೆಂದರೆ ಕಟ್ಟಡ ಮತ್ತು ಪಠ್ಯಪುಸ್ತಕ ಮಾತ್ರವೇ? ಕಾಣುವ ತುಟಿ, ಕೇಳುವ ಧ್ವನಿ ಸೌಲಭ್ಯಗಳಲ್ಲವೇ?

ಎದುರು ವಾದವನ್ನು ಅದರ ಬಲದಲ್ಲಿಯೇ ಎದುರಿಸಬೇಕು. ಮೊದಲನೆಯದು ಮನೆಯ ಹಿರಿಯರ ವಾದ. ಮಗುವಿಗೆ ರೋಗ ಹಗುರವಾಗಿರಬಹುದು, ಆದರೆ ಅದು ಅಜ್ಜ ಅಜ್ಜಿಯರಿಗೆ ದಾಟಿದರೆ? ನಮ್ಮ ಜಿಲ್ಲೆಯಲ್ಲಿ ಈ ಭಯ ಸುಳ್ಳಲ್ಲ. 2020ರ ಮಾರ್ಚಿನ ಕೊನೆಯಲ್ಲಿ ತಲಪಾಡಿಯ ಹೆದ್ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಬಿತ್ತು. ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ರೋಗಿಗಳು ಗಡಿಯ ಈಚೆಯೇ ಪ್ರಾಣ ಬಿಟ್ಟರು. ದಾರಿ ತೆರೆಯಿರೆಂದು ಕೇರಳ ಹೈಕೋರ್ಟು ಏಪ್ರಿಲ್ 1ರಂದು ಹೇಳಬೇಕಾಯಿತು. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾಗಿದ್ದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಆ ತಿಂಗಳು ಅವಸರವಸರವಾಗಿ ಕೋವಿಡ್ ಆಸ್ಪತ್ರೆಯಾಗಿಸಿದರು. ಆಸ್ಪತ್ರೆಯಿಲ್ಲದ ನೆಲದಲ್ಲಿ ಹಿರಿಯರ ಬಗ್ಗೆ ಎಚ್ಚರ ಹೆಚ್ಚೇ ಇರಬೇಕು, ಒಪ್ಪೋಣ. ಆದರೆ 2021ರ ನವೆಂಬರ್ ಹೊತ್ತಿಗೆ ಕೇರಳದ ವಯಸ್ಕರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಮೊದಲ ಚುಚ್ಚುಮದ್ದು ಆಗಿತ್ತು. ಅಜ್ಜಿಯನ್ನು ಕಾಯುವ ಉಪಾಯ ಅಜ್ಜಿಯ ತೋಳಿಗೇ ಬಂದಿತ್ತು. ಜೊತೆಗೆ, ರೋಗ ಮನೆಗೆ ಬಂದದ್ದು ಶಾಲೆಯಿಂದಲೇ ಎಂಬುದಕ್ಕೆ ಆಧಾರವೆಲ್ಲಿ? 2021ರ ಜೂನ್-ಜುಲೈಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದಾದ್ಯಂತ ನಡೆಸಿದ ರಕ್ತಪರೀಕ್ಷೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 57ರಷ್ಟು ಮಂದಿಯಲ್ಲಿ ಪ್ರತಿಕಾಯ ಕಂಡುಬಂತು. ದೇಶದ ಬಹುಪಾಲು ಪ್ರಾಥಮಿಕ ಶಾಲೆಗಳಿಗೆ ಬೀಗ ಬಿದ್ದಿದ್ದ ಕಾಲವದು. (ಎಲ್ಲ ವಯಸ್ಸಿನವರನ್ನೂ ಕೂಡಿಸಿದ ಲೆಕ್ಕದಲ್ಲಿ ಕೇರಳದ ಪ್ರಮಾಣ ಎಲ್ಲ ರಾಜ್ಯಗಳಿಗಿಂತ ಕಡಿಮೆಯಿತ್ತು ಎಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.) ಶಾಲೆಗೆ ಹೋಗದ ಮಕ್ಕಳಿಗೆ ರೋಗ ದೊಡ್ಡವರಿಂದ, ಮನೆಯೊಳಗೆ, ಮಾಸ್ಕಿಲ್ಲದ ಮುಖಗಳಿಂದ ಬಂದಿತ್ತು. ಆ ಮಂಡಳಿಯ ಮುಖ್ಯಸ್ಥರೇ ಆಗ, ತೆರೆಯುವುದಾದರೆ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ಜಾಣತನವೆಂದು ಹೇಳಿದ್ದರು.

ಎರಡನೆಯದು ಅಂಕಿ ಅಂಶಗಳ ವಾದ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2022ರಲ್ಲಿ ಮಾಸ್ಕಿನ ಕಡ್ಡಾಯವನ್ನು ತೆಗೆದ ಶಾಲೆಗಳಲ್ಲಿ, ಉಳಿಸಿಕೊಂಡ ಶಾಲೆಗಳಿಗಿಂತ, 15 ವಾರಗಳಲ್ಲಿ ಸಾವಿರಕ್ಕೆ ಸುಮಾರು 45 ಪ್ರಕರಣಗಳು ಹೆಚ್ಚಾದವು ಎಂಬ ಅಧ್ಯಯನವಿದೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೆ ಅದು ಎಲ್ಲ ವಯಸ್ಸಿನ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಸೇರಿದ ಲೆಕ್ಕ, ಚಳಿಗೆ ಕಿಟಕಿ ಮುಚ್ಚುವ ದೇಶದ ಲೆಕ್ಕ. ಸಣ್ಣ ಮಕ್ಕಳನ್ನೇ ಪ್ರತ್ಯೇಕವಾಗಿ ನೋಡಿದ್ದು ಸ್ಪೇನಿನ ಕ್ಯಾಟಲೋನಿಯಾದಲ್ಲಿ. ಅಲ್ಲಿ ಆರು ವರ್ಷದಿಂದ ಮಾಸ್ಕು ಕಡ್ಡಾಯ, ಐದು ವರ್ಷದವರಿಗೆ ಇಲ್ಲ. ಸುಮಾರು ಆರು ಲಕ್ಷ ಮಕ್ಕಳ ದಾಖಲೆಗಳನ್ನು ಹೋಲಿಸಿ ನೋಡಿದಾಗ, ಮಾಸ್ಕಿಲ್ಲದ ಐದರವರಿಗಿಂತ ಮಾಸ್ಕಿದ್ದ ಆರರವರಲ್ಲಿ ರೋಗ ಕಡಿಮೆಯೇನೂ ಆಗಿರಲಿಲ್ಲ. ವಯಸ್ಸು ಏರಿದಂತೆ ರೋಗವೂ ಏರಿತ್ತು, ಅಷ್ಟೇ. ನಮ್ಮ ಶಾಲೆಗಳಿಗೆ ಈ ಯಾವ ಲೆಕ್ಕವನ್ನೂ ಕಣ್ಣು ಮುಚ್ಚಿ ಅಂಟಿಸಬೇಕಾಗಿಲ್ಲ. ಆದರೆ ಒಂದನ್ನು ನೋಡಿ: ಈ ರೋಗ ಹರಡುವುದು ಮುಚ್ಚಿದ ಕೋಣೆಯ ನಿಂತ ಗಾಳಿಯಲ್ಲಿ. ನಮ್ಮ ಹಳೆಯ ಶಾಲೆಗಳಿಗೆ ಹೆಂಚಿನ ಮಾಡು, ಎದುರಿಗೆ ಉದ್ದನೆಯ ಜಗಲಿ, ಎರಡೂ ಬದಿಗೆ ಕಿಟಕಿ, ಕೆಲವೆಡೆ ಅರೆಗೋಡೆ, ಅಂಗಳದಲ್ಲಿ ಮಾವಿನ ಮರದ ನೆರಳು. ಬಡತನದಿಂದ ಬಂದ ಆ ತೆರೆದ ಗಾಳಿಯನ್ನು ವರವೆಂದು ತಿಳಿದು ಬಳಸಬೇಕಾಗಿದ್ದ ಕಾಲದಲ್ಲಿ ನಾವು ಮಕ್ಕಳ ಮೂಗು ಬಾಯಿಗೆ ಬಟ್ಟೆ ಬಿಗಿದೆವು. ಆ ಬಟ್ಟೆಯಾದರೂ ಹೇಗಿತ್ತು? ಒದ್ದೆಯಾದರೆ ಬದಲಾಯಿಸಬೇಕೆಂಬುದು ಅದರ ಮೊದಲ ನಿಯಮ. ಮಳೆಯಲ್ಲಿ ಗುಡ್ಡ ಇಳಿದು ಬರುವ ಮಗುವಿನ ಚೀಲದಲ್ಲಿ ಎರಡನೆಯ ಮಾಸ್ಕು ಎಷ್ಟು ಮನೆಗಳಿಂದ ಬಂದೀತು? ಮಕ್ಕಳು ಅದನ್ನು ಜಗಿದರು, ಗಲ್ಲಕ್ಕೆ ಇಳಿಸಿದರು, ಬಣ್ಣ ಚೆಂದ ಕಂಡದ್ದನ್ನು ಗೆಳೆಯನೊಡನೆ ಬದಲಾಯಿಸಿಕೊಂಡರು. ಕಾಗದದಲ್ಲಿ ನಿಯಮ ಪಾಲನೆಯಾಯಿತು.

ಮೂರನೆಯ ವಾದವೇ ನನಗೆ ಹೆಚ್ಚು ಸಿಟ್ಟು ತರಿಸುವುದು: 'ಮಕ್ಕಳು ಹೊಂದಿಕೊಳ್ಳುತ್ತಾರೆ.' ಹೊಂದಿಕೊಳ್ಳುತ್ತಾರೆ, ಯಾಕೆಂದರೆ ಅವರಿಗೆ ಬೇರೆ ದಾರಿಯಿಲ್ಲ. ಹೊಂದಿಕೊಳ್ಳದ ದೊಡ್ಡವರಿಗೆ ನಾವು ಏನು ಮಾಡಿದೆವು? 2020ರ ಮೇ ತಿಂಗಳಲ್ಲಿ ಮದ್ಯದಂಗಡಿಯ ಸಾಲಿಗೆಂದೇ ಕೇರಳದಲ್ಲಿ ಒಂದು ಆ್ಯಪ್ ತಯಾರಾಯಿತು. 2021ರ ಏಪ್ರಿಲ್ 6ರ ವಿಧಾನಸಭಾ ಚುನಾವಣೆಗೆ ಮುನ್ನ ಎಲ್ಲ ಪಕ್ಷಗಳೂ ಜಾಥಾ ನಡೆಸಿದವು. ಮಾಸ್ಕು ಎಷ್ಟು ಮುಖಗಳಲ್ಲಿತ್ತೆಂಬುದನ್ನು ಕಂಡವರೆಲ್ಲ ಬಲ್ಲರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೋಟೆಲು ಮತ್ತು ಬಾರಿನೊಳಗೆ ಕುಳಿತು ಸೇವಿಸಲು ಅನುಮತಿ ಸಿಕ್ಕಿತು. ಅಕ್ಟೋಬರ್ 25ರಂದು ಸಿನಿಮಾ ಮಂದಿರ ತೆರೆಯಿತು. ಒಂದು ವಾರ ಕಳೆದು, ನವೆಂಬರ್ 1ಕ್ಕೆ ಶಾಲೆ. ಬಾರಿನಲ್ಲಿ ಕುಡಿಯಲು ಮಾಸ್ಕು ಇಳಿಸಬಹುದು, ಶಾಲೆಯಲ್ಲಿ 'ಅ ಆ' ಹೇಳಲು ಇಳಿಸಬಾರದು. ಆ ಡಿಸೆಂಬರಿನಲ್ಲಿ ಶಿಕ್ಷಣ ಸಚಿವರೇ ಕೊಟ್ಟ ಲೆಕ್ಕದಂತೆ ಕೇರಳದ ಶಾಲೆಗಳಲ್ಲಿ ಚುಚ್ಚುಮದ್ದು ಪಡೆಯದ ಸಿಬ್ಬಂದಿ 1,707 ಮಂದಿ. ಕೆಲವರಿಗೆ ಆರೋಗ್ಯದ ಕಾರಣವಿದ್ದೀತು, ಉಳಿದವರಿಗೆ ಅವರವರ ನಂಬಿಕೆಯ ಕಾರಣ. ಅವರಿಗೆ ವಾರಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡು ಬರುವ ದಾರಿಯಿತ್ತು. ಐವತ್ತು ವರ್ಷದವರಿಗೆ ಬೇಡವೆನ್ನುವ ಸ್ವಾತಂತ್ರ್ಯ, ಐದು ವರ್ಷದವರಿಗೆ ಬೇಡವೆನ್ನಲು ಬಾಯಿಯೇ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ.

ಇನ್ನು ಕೆಲವು ಮಕ್ಕಳ ಹೆಸರೇ ಈ ಚರ್ಚೆಯಲ್ಲಿ ಕೇಳಿಬರಲಿಲ್ಲ. ಎಣ್ಮಕಜೆ, ಪಡ್ರೆಯ ಗುಡ್ಡಗಳ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಇಲ್ಲಿಯ ಬಡ್ಸ್ ಶಾಲೆಗಳಲ್ಲಿ ಮಾತು ತೊದಲುವ, ಕಿವಿ ಮಂದವಾದ, ಬುದ್ಧಿ ನಿಧಾನವಾದ ಮಕ್ಕಳಿದ್ದಾರೆ. ಎದುರಿಗಿರುವವರ ಮುಖದ ನಗುವೇ ಅವರಿಗೆ ಭಾಷೆ. ಅಂತಹ ಮಕ್ಕಳಿಗೆ ಯಾವ ವಯಸ್ಸಿನಲ್ಲೂ ಮುಖಗವಸು ಕಡ್ಡಾಯವಾಗಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ಆಡಳಿತದ ಸುತ್ತೋಲೆಯ ಮೊದಲ ಸಾಲಿನಲ್ಲಿ 'ಎಲ್ಲರೂ' ಎಂಬ ಪದವಿದ್ದರೆ ಆ ಎಲ್ಲರಲ್ಲಿ ಇವರೂ ಸೇರುತ್ತಾರೆ. ಸುತ್ತೋಲೆಯ ಭಾಷೆಯ ಮಾತು ಬಂತಾದ್ದರಿಂದ ಇನ್ನೊಂದು. ಆ ಎರಡು ವರ್ಷಗಳಲ್ಲಿ ನಮ್ಮ ಕನ್ನಡ ಶಾಲೆಗಳಿಗೆ ಬಂದ ರೋಗ ಸಂಬಂಧಿ ಸೂಚನೆಗಳಲ್ಲಿ ಕನ್ನಡದಲ್ಲಿದ್ದವು ಎಷ್ಟೆಂದು ಯಾವ ಮುಖ್ಯೋಪಾಧ್ಯಾಯರನ್ನು ಬೇಕಾದರೂ ಕೇಳಿ ನೋಡಿ. ಹೆತ್ತವರಿಗೆ ಓದಲು ಬಾರದ ಭಾಷೆಯಲ್ಲಿ ಹೊರಟ ಆಜ್ಞೆಗೆ 'ಹೆತ್ತವರ ಮೇಲ್ವಿಚಾರಣೆ' ಹೇಗೆ ಒದಗೀತು?

ನಿಪಾದಂತಹ ರೋಗ ಬಂದರೆ ನನ್ನ ಮಾತು ಬೇರೆ. ಅದು ತಗಲಿದವರಲ್ಲಿ ನೂರಕ್ಕೆ 40ರಿಂದ 75 ಮಂದಿ ಸಾಯುತ್ತಾರೆ. ಅಲ್ಲಿ ಸಂಪರ್ಕಕ್ಕೆ ಬಂದ ಮಗುವನ್ನು ಪ್ರತ್ಯೇಕವಾಗಿರಿಸುವುದು, ಕೆಲವು ದಿನ ಶಾಲೆಯನ್ನೇ ಮುಚ್ಚುವುದು ನ್ಯಾಯ. ರೋಗ ಯಾವುದು, ಯಾರಿಗೆ ಹೆಚ್ಚು ಅಪಾಯ, ಹೇಗೆ ಹರಡುತ್ತದೆ ಎಂದು ಪ್ರತಿ ಸಲ ಹೊಸದಾಗಿ ಕೇಳಬೇಕೆಂಬುದೇ ನನ್ನ ವಾದ. ಹನ್ನೆರಡು ದಾಟಿದ ಮಕ್ಕಳಿಗೂ, ರೋಗ ಏರುತ್ತಿರುವ ವಾರಗಳಲ್ಲಿ, ಮುಗಿಯುವ ತಾರೀಕನ್ನು ಆಜ್ಞೆಯಲ್ಲಿಯೇ ಬರೆದು ಮಾಸ್ಕು ಕಡ್ಡಾಯ ಮಾಡಿದರೆ ನನ್ನ ಆಕ್ಷೇಪವಿಲ್ಲ. ಅವರಿಗೆ ಅಕ್ಷರ ಬಂದಿದೆ.

ಆದುದರಿಂದ ಈ ಸಮ್ಮೇಳನದ ನಿರ್ಣಯಗಳಲ್ಲಿ ರೈಲು ನಿಲುಗಡೆ, ನಾಮಫಲಕ, ಅಧ್ಯಾಪಕರ ನೇಮಕಾತಿಗಳ ಜೊತೆಗೆ ಇದೂ ಒಂದು ಸೇರಲಿ ಎಂದು ಕೇಳುತ್ತೇನೆ: ಕಿರಿಯ ಪ್ರಾಥಮಿಕ ತರಗತಿಗಳಲ್ಲಿ ಮುಖಗವಸು ಇಚ್ಛೆಗೆ ಬಿಟ್ಟದ್ದಾಗಿರಬೇಕು, ಅಕ್ಷರ ಕಲಿಸುವ ಹೊತ್ತಿನಲ್ಲಿ ಚುಚ್ಚುಮದ್ದು ಪಡೆದ ಅಧ್ಯಾಪಕರು ತೆರೆದ ಜಗಲಿಯಲ್ಲಿ, ಮಕ್ಕಳಿಂದ ನಾಲ್ಕು ಮಾರು ದೂರ ನಿಂತು, ಮುಖ ತೋರಿಸಲು ಅನುಮತಿ ಇರಬೇಕು, ವಿಶೇಷ ಶಾಲೆಗಳ ಮಕ್ಕಳಿಗೆ ಆಜ್ಞೆಯಲ್ಲಿಯೇ ವಿನಾಯಿತಿ ಬರೆದಿರಬೇಕು, ಆಜ್ಞೆ ಕನ್ನಡದಲ್ಲಿಯೂ ಅದೇ ದಿನ ಹೊರಡಬೇಕು. ನಿರ್ಣಯದ ಪ್ರತಿ ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಶಿಕ್ಷಣಾಧಿಕಾರಿಗಳಿಗೂ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೂ ಹೋಗಲಿ. ತರಗತಿಯಲ್ಲಿ ಮಾಸ್ಕಿನ ಹಿಂದೆ ಎರಡು ವರ್ಷ ಕಲಿಸಿದ ನಮ್ಮ ಕಿರಿಯ ಅಧ್ಯಾಪಕಿಯರಿಂದ, ಯಾವ ಮಗುವಿಗೆ ಯಾವ ಅಕ್ಷರ ಇಂದಿಗೂ ಎಡವುತ್ತಿದೆ ಎಂಬುದನ್ನು ಬರೆಸಿ ಆ ಪ್ರತಿಯ ಜೊತೆಗೆ ಲಗತ್ತಿಸಲಿ. ಆ ಮಕ್ಕಳು ಈಗ ಹಿರಿಯ ಪ್ರಾಥಮಿಕದಲ್ಲಿದ್ದಾರೆ, ಅಧ್ಯಾಪಕಿಯರೂ ಅದೇ ಶಾಲೆಗಳಲ್ಲಿದ್ದಾರೆ. ಒಂದು ಭಾನುವಾರ ಸಾಕು.